ಎಡಬದಿಯ ಹಿಂದಿನ ಗಾಲಿ

"ಬುದ್ಧಿ, ಇನ್ನೊಬ್ಬರ ಹೆದರಿಕೆ ನಮಗೆ ತಟ್ಟದ ಹಾಗೆ ಇರುವುದು ಹೇಗೆ?"

ಕೇಳಿದವನು ರಾಚಪ್ಪ. ಮಠಕ್ಕೆ ಸೇರಿ ಇನ್ನೂ ಹೆಚ್ಚು ಕಾಲವಾಗದ ಶಿಷ್ಯ. ಸ್ವಾಮಿಗಳು ಮಠದ ಹಿಂದೆ ಹುಣಸೆಮರದ ನೆರಳಲ್ಲಿ ಮಣೆ ಹಾಕಿಸಿಕೊಂಡು ಕೂತಿದ್ದರು. ಎದುರಿಗೆ ಮಠದ ಹಳೆಯ ಜೀಪು ಹಿಂಭಾಗ ಎತ್ತಿಸಿಕೊಂಡು ಕಲ್ಲುಗಳ ಮೇಲೆ ನಿಂತಿತ್ತು. ಅದರ ಹಿಂದಿನ ಗಾಲಿಗಳನ್ನು ಕಳಚಿದ್ದರು. ಮೆಕ್ಯಾನಿಕ್ಕು ಬೇರಿಂಗು ತರಲು ಪೇಟೆಗೆ ಹೋಗಿದ್ದ.

"ಯಾರ ಹೆದರಿಕೆ?" ಎಂದರು ಸ್ವಾಮಿಗಳು.

"ತಂಗಿ ಮತ್ತೆ ಬಂದಿದ್ದಾಳೆ, ಬುದ್ಧಿ. ದೇವಮ್ಮಣ್ಣಿ. ಮುಂದುಗಡೆ ಜಗಲಿಯ ಮೇಲೆ ಕೂತಿದ್ದಾಳೆ. ಗಂಡನ ಮನೆಗೆ ಹೋಗುವುದಿಲ್ಲ ಎನ್ನುತ್ತಾಳೆ."

"ಅವನು ಹೊಡೆದನೇನು?"

"ಇಲ್ಲ."

"ಬೈದನೇನು?"

"ಅದೂ ಇಲ್ಲ. ಮಾತೇ ಬಿಟ್ಟಿದ್ದಾನಂತೆ. ಸಂಜೆಯಾದರೆ ಕೂತು ಮಚ್ಚು ಮಸೆಯುತ್ತಾನಂತೆ. ಮಸೆದು, ಬೆರಳಲ್ಲಿ ಸವರಿ ನೋಡಿ, ಬಾಗಿಲ ಹಿಂದೆ ಒರಗಿಸಿ ಇಡುತ್ತಾನಂತೆ. ಅಷ್ಟೇ. ತೆಂಗಿನಕಾಯಿ ಕೀಳುವವನ ಮನೆಯಲ್ಲಿ ಮಚ್ಚು ಇರದೆ ಇನ್ನೇನು ಇರುತ್ತದೆ, ಬುದ್ಧಿ? ಅವಳಿಗೆ ಮೊದಲಿನಿಂದಲೂ ಹೆದರಿಕೆ ಜಾಸ್ತಿ."

ರಾಚಪ್ಪ ಮುಂದುವರಿಸಿದ. ಅವಳು ಬಂದು ಹೋದ ಮೇಲೆ ತನಗೆ ಊಟ ಸೇರುವುದಿಲ್ಲ, ಕಣ್ಣು ಮುಚ್ಚಿದರೆ ಕಲ್ಲಿನ ಮೇಲೆ ಕಬ್ಬಿಣ ಉಜ್ಜುವ ಸದ್ದು ಕೇಳುತ್ತದೆ ಎಂದ. ಇದೆಲ್ಲ ಬೇಡವೆಂದೇ ತಾನು ಮಠಕ್ಕೆ ಬಂದದ್ದು ಎಂದ.

"ನೀವೇ ಒಂದು ಮಾತು ಹೇಳಿ ಕಳಿಸಿಬಿಡಿ, ಬುದ್ಧಿ. ನನ್ನ ಬಾಯಲ್ಲಿ ಬರುವುದಿಲ್ಲ. ಈಗ ಬರುವ ಬಸ್ಸು ಹತ್ತಿದರೆ ದೀಪ ಹಚ್ಚುವ ಹೊತ್ತಿಗೆ ಊರು ಸೇರಿಕೊಳ್ಳುತ್ತಾಳೆ."

ಸ್ವಾಮಿಗಳು ಬೆತ್ತ ಎತ್ತಿ ಜೀಪಿನ ಹೊಟ್ಟೆಯ ಕಡೆ ತೋರಿಸಿದರು.

"ಅದೇನು?"

"ಅಚ್ಚು, ಬುದ್ಧಿ."

"ಎಷ್ಟು ತುಂಡು?"

ರಾಚಪ್ಪ ಬಗ್ಗಿ ನೋಡಿದ. ಆ ಗಾಲಿಯ ಜಾಗದಿಂದ ಈ ಗಾಲಿಯ ಜಾಗದವರೆಗೆ ಉಕ್ಕಿನ ಅಚ್ಚು ತೊಲೆಯ ಹಾಗೆ ಅಡ್ಡಲಾಗಿತ್ತು. "ಒಂದೇ," ಎಂದ.

"ಹ್ಞಾ, ಒಂದೇ. ಅದಕ್ಕೇ ನನ್ನ ಸೊಂಟ ಹೀಗಾಗಿರುವುದು. ಎಡಗಾಲಿ ಕಲ್ಲು ಹತ್ತಿದರೆ ಬಲಗಾಲಿ ಓರೆಯಾಗುತ್ತದೆ. ಬಲಗಾಲಿ ಗುಂಡಿಗೆ ಬಿದ್ದರೆ ಎಡಗಡೆ ಕೂತವನ ಹಲ್ಲು ಕಟಕ್ಕೆನ್ನುತ್ತದೆ. ಒಬ್ಬನಿಗೆ ಬಿದ್ದ ಏಟು ಇಬ್ಬರಿಗೂ. ಈ ಗಾಡಿಗೆ ಹಾಕಿದಷ್ಟು ಶಾಪ ನಾನು ಯಾವ ಪಾಪಿಗೂ ಹಾಕಿಲ್ಲ. ಈಗ ಬರುವ ಎಷ್ಟೋ ಗಾಡಿಗಳಲ್ಲಿ ಈ ತೊಲೆ ಇಲ್ಲ. ಒಂದೊಂದು ಗಾಲಿಯನ್ನೂ ಹಿಡಿದಿರಲು ಅದರದೇ ಉಕ್ಕಿನ ತೋಳು, ಅದರದೇ ಸ್ಪ್ರಿಂಗು. ಒಂದು ಗಾಲಿ ಬಿದ್ದರೆ ಪಕ್ಕದ ಗಾಲಿಗೆ ಸುದ್ದಿಯೇ ಹೋಗುವುದಿಲ್ಲ. ಒಳಗೆ ಕೂತವನು ಹಾಯಾಗಿ ಗೊರಕೆ ಹೊಡೆಯಬಹುದು."

"ನಾನು ಕೇಳಿದ್ದು ಅದನ್ನೇ, ಬುದ್ಧಿ!" ಎಂದ ರಾಚಪ್ಪ.

"ಗೊತ್ತು. ಕೂತುಕೋ," ಎಂದರು ಸ್ವಾಮಿಗಳು. ಅವನು ನೆಲದ ಮೇಲೆ ಕೂತ. ಅವರು ಹೇಳತೊಡಗಿದರು.

ಒಂದು ಬೆಟ್ಟ. ಮೇಲೆ ಒಂದು ಊರು, ಕೆಳಗೆ ಒಂದು ಪೇಟೆ. ನಡುವೆ ಮಣ್ಣಿನ ದಾರಿ. ಇಳಿಯುವಾಗ ಬಲಗಡೆ ಬಂಡೆ, ಎಡಗಡೆ ಏನೂ ಇಲ್ಲ. ಇಣುಕಿದರೆ ಮರಗಳ ತುದಿ ಕಾಣುತ್ತಿತ್ತು, ಬುಡ ಕಾಣುತ್ತಿರಲಿಲ್ಲ.

ಆ ದಾರಿಯಲ್ಲಿ ಒಬ್ಬ ಚಾಲಕ ಜೀಪು ಓಡಿಸುತ್ತಿದ್ದ. ಸಂತೆಯ ದಿನ ಬೆಟ್ಟದ ಜನರನ್ನು ಪೇಟೆಗೆ ಇಳಿಸುವುದು, ಸಂತೆ ಮುಗಿದ ಮೇಲೆ ಹತ್ತಿಸುವುದು ಅವನ ಕೆಲಸ. ಗಾಡಿ ಇನ್ನೊಬ್ಬರದು. ನಮ್ಮ ಈ ಮುದಿ ಜೀಪಿನ ಹಾಗೆ ಅದಕ್ಕೂ ಒಂದೇ ತೊಲೆಯ ಅಚ್ಚು, ಅದರ ಮೇಲೆ ಬಾಗಿದ ಉಕ್ಕಿನ ಕಮಾನು ಪಟ್ಟಿಯ ಸ್ಪ್ರಿಂಗು. ಕೂತವರ ಕರುಳು ಬಾಯಿಗೆ ಬರುತ್ತಿತ್ತು. ಜನ ದಾರಿಯುದ್ದಕ್ಕೂ ಅಯ್ಯಪ್ಪಾ, ಅಮ್ಮಾ ಎನ್ನುತ್ತಲೇ ಹೋಗುತ್ತಿದ್ದರು.

ಅರ್ಧ ದಾರಿಯಲ್ಲಿ ಒಂದು ತಿರುವು. ಅಲ್ಲಿ ಎಡಗಡೆಯ ಮಣ್ಣು ಸಡಿಲ. ಜನ ಅದನ್ನು ಇಳಿಯೋ ತಿರುವು ಎಂದು ಕರೆಯುತ್ತಿದ್ದರು. ಅಲ್ಲಿಗೆ ಬಂದರೆ ಗಾಡಿ ನಿಲ್ಲುತ್ತಿತ್ತು. ಯಾರೂ ಹೇಳಬೇಕಾಗಿರಲಿಲ್ಲ. ಎಲ್ಲರೂ ಇಳಿದು ಬಂಡೆಗೆ ಮೈ ತಾಗಿಸಿಕೊಂಡು ನಡೆದು ಆಚೆ ಹೋಗುತ್ತಿದ್ದರು. ಹೇಗೂ ಕುಲುಕಾಟದಲ್ಲಿ ಮೈ ನುಗ್ಗಾಗಿರುತ್ತಿತ್ತು, ನಾಲ್ಕು ಹೆಜ್ಜೆ ನಡೆದರೆ ಸಾಕು ಎನಿಸುತ್ತಿತ್ತು. ಚಾಲಕ ಒಬ್ಬನೇ ಖಾಲಿ ಗಾಡಿಯನ್ನು ತೆವಳಿಸಿಕೊಂಡು ತರುತ್ತಿದ್ದ. ಎಡಗಾಲಿ ಮೆತ್ತನೆಯ ಮಣ್ಣು ಮುಟ್ಟಿತೋ, ಅಚ್ಚು ವಾಲುತ್ತಿತ್ತು. ಅಚ್ಚು ವಾಲಿದರೆ ಅವನ ಸೀಟು ವಾಲುತ್ತಿತ್ತು. ಎದೆ ಧಸಕ್ಕೆನ್ನುತ್ತಿತ್ತು. ಕೂಡಲೇ ಹಿಂದಕ್ಕೆ ತಂದು, ಬಂಡೆಯನ್ನು ಒತ್ತಿಕೊಂಡು ಇನ್ನೊಂದು ಸಲ ಹೊರಡುತ್ತಿದ್ದ.

ಅವನು ಮಹಾ ಪುಕ್ಕಲ. ಅದನ್ನು ಮುಚ್ಚಿಡುವುದು ಬೇಡ. ಸಂತೆಯ ದಿನ ಬೆಳಗ್ಗೆ ಎದ್ದರೆ ಅವನ ಅಂಗೈ ಬೆವರುತ್ತಿತ್ತು. ಗಾಡಿಯ ಸುತ್ತ ತಿರುಗಿ, ಗಾಲಿ ಒದ್ದು, ಮತ್ತೆ ತಿರುಗಿ, ಮತ್ತೆ ಒದೆಯುತ್ತಿದ್ದ. ಗಂಟಲಲ್ಲಿ ಒಂದು ತುತ್ತು ಇಳಿಯುತ್ತಿರಲಿಲ್ಲ. ಇಷ್ಟೊಂದು ಜನರ ಜೀವ ತನ್ನ ಕೈಯಲ್ಲಿದೆ ಎನ್ನುವುದು ಅವನಿಗೆ ಒಂದು ಗಳಿಗೆಯೂ ಮರೆಯುತ್ತಿರಲಿಲ್ಲ. ಈ ಹೆದರಿಕೆ ಯಾವತ್ತು ತೊಲಗುತ್ತದಪ್ಪಾ ದೇವರೇ ಎಂದು ಅವನು ದಿನಾ ಬೇಡಿಕೊಳ್ಳುತ್ತಿದ್ದ.

ಅವನ ಹೆಂಡತಿಯೂ ಅದೇ ಗಾಡಿಯಲ್ಲಿ ಸಂತೆಗೆ ಹೋಗುತ್ತಿದ್ದಳು. ಸೀಗೆಕಾಯಿ ಮಾರುತ್ತಿದ್ದಳು. ಗಂಡನ ಗಾಡಿಯಲ್ಲಿ ಒಳ್ಳೆಯ ಜಾಗ ಹಿಡಿಯಲು ಅವಳಿಗೆ ನಾಚಿಕೆ. ಎಲ್ಲರೂ ಕೂತ ಮೇಲೆ ಉಳಿದದ್ದು ಅವಳ ಪಾಲಿಗೆ. ಉಳಿಯುತ್ತಿದ್ದದ್ದು ಯಾವಾಗಲೂ ಒಂದೇ ಜಾಗ. ಹಿಂದೆ, ಎಡಗಡೆಯ ಮೂಲೆ, ಗಾಲಿಯ ನೆತ್ತಿಯ ಮೇಲೆ.

ಒಂದು ಸಲ ಗಾಡಿಯ ಒಡೆಯ ಹಳೆಯದನ್ನು ತೆಗೆದುಕೊಂಡು ಹೋಗಿ ಬೇರೆಯದನ್ನು ತಂದು ನಿಲ್ಲಿಸಿದ. ಅದೇ, ನಾನು ಹೇಳಿದೆನಲ್ಲ, ಅಂಥದ್ದು. ಅಡ್ಡ ತೊಲೆ ಇಲ್ಲ. ಪ್ರತಿ ಗಾಲಿಗೂ ಬೇರೆ ತೋಳು, ಬೇರೆ ಸ್ಪ್ರಿಂಗು. ಚಾಲಕ ಮೊದಲ ಸಲ ಇಳಿಸಿದಾಗ ಅವನಿಗೆ ನಂಬಿಕೆಯೇ ಬರಲಿಲ್ಲ. ಕಲ್ಲು ಹತ್ತಿದ್ದು ಕಣ್ಣಿಗೆ ಕಾಣುತ್ತಿತ್ತು, ಮೈಗೆ ಗೊತ್ತಾಗುತ್ತಿರಲಿಲ್ಲ. ಗಾಡಿ ತೊಟ್ಟಿಲಿನ ಹಾಗೆ ತೂಗಿಕೊಂಡು ಹೋಯಿತು. ಹಿಂದೆ ಒಂದೂ ಸದ್ದಿಲ್ಲ. ಏನಾಯಿತೋ ಎಂದು ಗಾಬರಿಯಾಗಿ ತಿರುಗಿ ನೋಡಿದರೆ, ಎಲ್ಲರೂ ಬಾಯಿ ತೆರೆದುಕೊಂಡು ನಿದ್ದೆ ಹೊಡೆಯುತ್ತಿದ್ದರು.

ಮೊದಮೊದಲು ತಿರುವಿನಲ್ಲಿ ಜನ ಅಭ್ಯಾಸಬಲದಿಂದ ಇಳಿದರು. ಆಮೇಲೆ ಒಂದು ದಿನ ಸೋನೆಮಳೆ. ಒಬ್ಬ ಮುದುಕ ಕಂಬಳಿ ಎಳೆದುಕೊಂಡು, "ಯಾಕಪ್ಪಾ ಇಳಿಸ್ತೀಯಾ? ಒಳಗೆ ನೀರು ಅಲುಗಾಡದಂಗೆ ಹೋಗ್ತಾ ಇದೆ. ನಡಿ ನಡಿ," ಎಂದ. ಚಾಲಕ ಅಳುಕುತ್ತಲೇ ನಡೆಸಿದ. ಏನೂ ಆಗಲಿಲ್ಲ. ಮುಂದಿನ ಸಂತೆಗೂ ಯಾರೂ ಇಳಿಯಲಿಲ್ಲ. ಏನೂ ಆಗಲಿಲ್ಲ. ಕೊನೆಗೆ ತಿರುವಿನ ಹೆಸರು ಮಾತ್ರ ಉಳಿಯಿತು, ಇಳಿಯುವುದು ನಿಂತುಹೋಯಿತು.

ಚಾಲಕನ ಸಂತೋಷ ಏನು ಹೇಳಲಿ! ಅಂಗೈ ಬೆವರುವುದು ನಿಂತಿತು. ಹೊಟ್ಟೆ ತುಂಬ ಉಂಡು ಹೊರಡುತ್ತಿದ್ದ. ಸ್ಟೀರಿಂಗಿನ ಮೇಲೆ ತಾಳ ಹಾಕುತ್ತಿದ್ದ. ಗಾಲಿ ಒದ್ದು ನೋಡುವುದನ್ನು ಬಿಟ್ಟೇಬಿಟ್ಟ. "ಪುಕ್ಕಲ ನಾನಲ್ಲ ಕಣೇ, ಆ ಹಳೇ ಗಾಡಿ," ಎಂದು ಹೆಂಡತಿಗೆ ಹೇಳಿ ನಕ್ಕ.

ಅವಳು ನಗಲಿಲ್ಲ.

ಅವಳು ತಿರುವಿನಲ್ಲಿ ಇಳಿಯುವುದನ್ನು ಬಿಟ್ಟಿರಲಿಲ್ಲ. "ಸ್ವಲ್ಪ ನಿಲ್ಲಿಸಿ," ಎನ್ನುತ್ತಿದ್ದಳು. ಒಬ್ಬಳೇ ಇಳಿದು, ಬಂಡೆ ಹಿಡಿದು ನಡೆದು, ಆಚೆ ಮತ್ತೆ ಹತ್ತುತ್ತಿದ್ದಳು. ನಿದ್ದೆ ಕೆಟ್ಟವರು ಗೊಣಗುತ್ತಿದ್ದರು.

"ಯಾಕೆ ಇಳೀತೀಯಾ?" ಎಂದು ಗಂಡ ಮನೆಯಲ್ಲಿ ಕೇಳಿದ.

"ನಾನು ಕೂರೋ ಕಡೆ ಕೆಳಗೆ ಏನೋ ಕಟಕಟ ಅಂತದೆ. ಅಲ್ಲಿ ಬಂದಾಗ ಜಾಸ್ತಿ ಅಂತದೆ."

"ನನಗೆ ಕೇಳಿಸೋದೇ ಇಲ್ಲವಲ್ಲ?"

"ನೀವು ಮುಂದೆ ಬಲಗಡೆ ಕೂತಿರ್ತೀರಿ."

ಅವನು ಹೋಗಿ ನೋಡಿದ. ನೋಡಲಿಲ್ಲ ಎನ್ನುವ ಹಾಗಿಲ್ಲ. ಗಾಡಿ ಮನೆಯ ಮುಂದೆ ಸಮನೆಲದಲ್ಲಿ ನಿಂತಿತ್ತು. ಒಳಗೆ ಒಂದು ಮೂಟೆಯೂ ಇರಲಿಲ್ಲ. ಬಗ್ಗಿ ಇಣುಕಿದ. ನಾಲ್ಕೂ ಗಾಲಿ ನೆಟ್ಟಗಿದ್ದವು. ಎದ್ದು ಕೈ ಕೊಡವಿಕೊಂಡು, "ಏನೂ ಇಲ್ಲ. ನಿನಗೆ ಹೆದರಿಕೆ ಜಾಸ್ತಿ," ಎಂದ.

ಇಲ್ಲಿ ರಾಚಪ್ಪ ತಲೆಯೆತ್ತಿ ಗುರುಗಳ ಮುಖ ನೋಡಿದ. ಅವರು ಅವನನ್ನು ನೋಡುತ್ತಿರಲಿಲ್ಲ. ಅವನು ಮತ್ತೆ ತಲೆ ತಗ್ಗಿಸಿದ.

ಅವಳ ಹೆದರಿಕೆ ಹೋಗಲಿಲ್ಲ. ಸಂತೆಯ ಹಿಂದಿನ ದಿನವೇ ಶುರುವಾಗುತ್ತಿತ್ತು. ಮಾಡುವ ಕೆಲಸ ಕೈ ತಪ್ಪುತ್ತಿತ್ತು. ಒಲೆಯ ಮೇಲೆ ಹಿಟ್ಟು ಸೀದುಹೋಗುತ್ತಿತ್ತು. "ಈ ಸಲ ಬೇಡ ಅನ್ನಿ," ಎಂದು ಒಮ್ಮೊಮ್ಮೆ ಹೇಳುತ್ತಿದ್ದಳು. ಬರದೆ ಮನೆಯಲ್ಲೇ ಉಳಿಯಬಹುದಿತ್ತಲ್ಲ ಎನ್ನುತ್ತೀಯಾ? ಒಂದು ಸಲ ಉಳಿದಳು. ಗಂಡ ಹೊರಟು ತಿರುಗಿ ಬರುವವರೆಗೆ ಬಾಗಿಲಲ್ಲೇ ನಿಂತಿದ್ದಳು, ನೀರು ಸಹ ಮುಟ್ಟಲಿಲ್ಲ. ಅದಕ್ಕಿಂತ ಜೊತೆಯಲ್ಲಿ ಕೂತು ಹೆದರುವುದೇ ಮೇಲು ಎನಿಸಿತು ಅವಳಿಗೆ.

ಗಾಡಿಯಲ್ಲಿ ಅವಳು ಎರಡು ಕೈಯಲ್ಲೂ ಕಂಬಿ ಹಿಡಿದು, ಕಾಲ ಕೆಳಗಿನ ತಗಡನ್ನೇ ನೋಡುತ್ತ ಕೂರುತ್ತಿದ್ದಳು. ಪ್ರತಿ ಕಟ್‌ಗೂ ಅವಳ ಹಿಡಿತ ಬಿಗಿಯಾಗುತ್ತಿತ್ತು. ಅಕ್ಕಪಕ್ಕದವರು ಅವಳ ಭುಜದ ಮೇಲೇ ತಲೆಯಿಟ್ಟು ನಿದ್ದೆ ಮಾಡುತ್ತಿದ್ದರು. ಎದ್ದವರು ಕಿಚಾಯಿಸುತ್ತಿದ್ದರು. "ಊರೆಲ್ಲ ನಂಬಿ ಕೂತದೆ. ಡ್ರೈವರಣ್ಣನ ಹೆಂಡ್ತಿಗೇ ಡ್ರೈವರಣ್ಣನ ಮೇಲೆ ನಂಬಿಕೆ ಇಲ್ಲ!" ಗಾಡಿಯೆಲ್ಲ ಗೊಳ್ಳೆನ್ನುತ್ತಿತ್ತು.

ಈ ಮಾತು ಚಾಲಕನಿಗೆ ಚುಚ್ಚಿತು. ಹೆದರಿಕೆ ಬಿಟ್ಟ ಮೇಲೆ ಅವನಿಗೆ ಮಾನ ಮರ್ಯಾದೆಯ ಯೋಚನೆ ಬಂದಿತ್ತು. ಮಳೆ ಹಿಡಿದು ಬಿಟ್ಟ ಮೇಲಿನ ಮೊದಲ ಸಂತೆ. ಹೊರಡುವ ಮುಂಚೆ ಹೆಂಡತಿಯನ್ನು ಪಕ್ಕಕ್ಕೆ ಕರೆದು ಹೇಳಿದ:

"ಇವತ್ತು ಇಳಿಯಬೇಡ. ಇಳಿದೆ ಅಂದರೆ ನನ್ನ ಮರ್ಯಾದೆ ತೆಗೆದಂಗೆ."

ಅವಳು ಅವನ ಮುಖ ನೋಡಿದಳು. ಆಯಿತು ಎಂಬಂತೆ ತಲೆ ಆಡಿಸಿ ಹೋಗಿ ತನ್ನ ಮೂಲೆಯಲ್ಲಿ ಕೂತಳು.

ತಿರುವು ಬಂತು. ಅವನು ಕನ್ನಡಿಯಲ್ಲಿ ಹಿಂದೆ ನೋಡಿದ. ಅವಳು ಕಂಬಿ ಹಿಡಿದು ಕೂತಿದ್ದಳು, ನಿಲ್ಲಿಸಿ ಎನ್ನಲಿಲ್ಲ. ಅವನಿಗೆ ಸಮಾಧಾನವಾಯಿತು. ನಿಲ್ಲಿಸದೆ ತಿರುಗಿಸಿದ.

ಮಳೆ ಆ ಅಂಚಿನ ಅಡಿಯ ಮಣ್ಣನ್ನು ತಿಂದುಹಾಕಿತ್ತು. ಮೇಲೆ ಒಂದು ಪದರ ಮಾತ್ರ ಉಳಿದಿತ್ತು. ಎಡಬದಿಯ ಹಿಂದಿನ ಗಾಲಿ ಅದರ ಮೇಲೆ ಹೋಗಿ ಕುಸಿಯಿತು. ಹಳೆಯ ಗಾಡಿಯಾಗಿದ್ದರೆ ಆಗಲೇ ಅಚ್ಚು ವಾಲಿ, ಬಲಗಡೆ ಎದ್ದು, ಅವನ ಬೆನ್ನಿಗೆ ಗುದ್ದುತ್ತಿತ್ತು. ಇದು ಸ್ವಲ್ಪ ತೂಗಿತು, ಅಷ್ಟೆ. ಅವನು ಸ್ಟೀರಿಂಗಿನ ಮೇಲೆ ತಾಳ ಹಾಕುತ್ತಲೇ ಇದ್ದ. ಆ ಒಂದು ಗಳಿಗೆಯಲ್ಲಿ ಬ್ರೇಕು ಹಾಕಿ ಹಿಂದೆ ತಂದಿದ್ದರೆ ಮುಗಿಯುತ್ತಿತ್ತು. ಅವನಿಗೆ ಹಾಕಬೇಕು ಎನಿಸಲಿಲ್ಲ. ಗಾಲಿ ಇನ್ನೂ ಇಳಿಯಿತು. ಆಮೇಲೆ ಕೆಳಗಿನಿಂದ ಒಂದು ಸದ್ದು ಬಂತು, ಒಣಗಿದ ದೊಡ್ಡ ಕೊಂಬೆ ಮುರಿದ ಹಾಗೆ. ಗಾಲಿಯ ತೋಳು ಮುರಿದಿತ್ತು.

ಅಂಚು ಜರಿದು, ಹಿಂಭಾಗ ಕಣಿವೆಯ ಕಡೆಗೆ ಜಾರಿ ದಡಾರನೆ ಕೂತಿತು. ಮುಂಭಾಗ ಎದ್ದಿತು. ಅವನ ಕಣ್ಣೆದುರಿನ ದಾರಿ ಮಾಯವಾಗಿ ಬರೀ ಆಕಾಶ ಕಂಡಿತು.

ಅವನು ಮೈಯ ಭಾರವೆಲ್ಲ ಹಾಕಿ ಬ್ರೇಕು ತುಳಿದ. ಗಾಡಿ ಹೊಟ್ಟೆಯನ್ನು ಅಂಚಿಗೆ ಆನಿಸಿಕೊಂಡು ನಿಂತಿತು. ಬಾಲ ಗಾಳಿಯಲ್ಲಿತ್ತು. ಅದು ಮೆಲ್ಲಗೆ ಮೇಲೆ ಕೆಳಗೆ ಆಡುತ್ತಿತ್ತು.

ಎಲ್ಲರಿಗೂ ಒಟ್ಟಿಗೆ ಎಚ್ಚರವಾಯಿತು. ಕೂಗು ಎದ್ದಿತು. ಮುಂದೆ ಕೂತಿದ್ದ ಒಬ್ಬ ಬಾಗಿಲು ತಳ್ಳಿ ದಾರಿಗೆ ಹಾರಿದ. ಅವನ ಭಾರ ತಪ್ಪಿದ ಕೂಡಲೇ ಗಾಡಿಯ ಮೂತಿ ಇನ್ನಷ್ಟು ಎದ್ದಿತು, ಬಾಲ ಇನ್ನೊಂದು ಮೊಳ ಜಗ್ಗಿತು. ಅಡಿಯಿಂದ ಮಣ್ಣು ಸುರಿಯುವ ಸದ್ದು ಕೇಳಿತು. ಆ ಮಣ್ಣು ಎಲ್ಲಿಯೂ ತಾಗಿದ ಸದ್ದು ಕೇಳಲಿಲ್ಲ.

"ಮುಂದಿನೋರು ಇಳೀಬೇಡಿ!" ಎಂದು ಹಿಂದಿನ ಮೂಲೆಯಿಂದ ಹೆಂಡತಿ ಚೀರಿದಳು. "ನೀವು ಇಳಿದರೆ ನಾವು ಬೀಳ್ತೀವಿ! ಇಳಿದೋನು ಮೂತಿ ಮೇಲೆ ಹತ್ತಲಿ!"

ಇಷ್ಟು ದಿನ ಅವಳ ಮಾತಿಗೆ ನಕ್ಕವರು ಈಗ ಉಸಿರೂ ಬಿಡದೆ ಕೇಳಿದರು. ಹಾರಿದವನು ತಿರುಗಿ ಬಂದು ಬಾನೆಟ್ಟಿನ ಮೇಲೆ ಬಿದ್ದುಕೊಂಡ. ಮುಂದೆ ಕೂತಿದ್ದ ಇನ್ನೊಬ್ಬ ಇಳಿಯದೆ ಬಾಗಿಲಿನಿಂದಲೇ ತೆವಳಿ ಅವನ ಪಕ್ಕಕ್ಕೆ ಹೋದ. ಮೂತಿ ಸ್ವಲ್ಪ ತಗ್ಗಿತು. ಹಿಂದಿನವರು ಒಬ್ಬೊಬ್ಬರಾಗಿ ಸೀಟು ಹತ್ತಿ, ಇಳಿದು, ಮೊಣಕಾಲಲ್ಲಿ ಮುಂದೆ ಬಂದರು. ಹೊರಬಂದವರೂ ಓಡಿಹೋಗಲಿಲ್ಲ. ಬಂದವರು ಬಂದ ಹಾಗೆ ಮೂತಿಗೆ ಜೋತುಬಿದ್ದರು. ಗಂಡಸರು, ಹೆಂಗಸರು, ಕಂಬಳಿಯ ಮುದುಕ, ಎಲ್ಲ ಒಬ್ಬರ ಮೇಲೊಬ್ಬರು. ಯಾರೋ ಸಣ್ಣಗೆ ಅಳುತ್ತಿದ್ದರು.

ಒಳಗೆ ಇಬ್ಬರೇ ಉಳಿದರು. ಬ್ರೇಕು ತುಳಿದುಕೊಂಡು ಅವನು, ಮೂಲೆಯಲ್ಲಿ ಅವಳು. ಅವಳು ಕೂತಿದ್ದ ಜಾಗವೇ ಎಲ್ಲಕ್ಕಿಂತ ಕೆಳಗೆ ಜಗ್ಗಿತ್ತು. ಅವಳು ಅಲುಗಿದರೆ ಗಾಡಿ ಅಲುಗುತ್ತಿತ್ತು.

ಅವನು ಕನ್ನಡಿಯಲ್ಲಿ ನೋಡಿದ. ಕಾಲು ಬ್ರೇಕಿನಿಂದ ಜಾರುತ್ತದೆ ಎನಿಸುತ್ತಿತ್ತು. ಅವಳ ಮುಖದಲ್ಲಿ ಗಾಬರಿ ಇರಲಿಲ್ಲ. ಅವಳು ಇದಕ್ಕೆಲ್ಲ ಮೊದಲೇ ಹೆದರಿ ಮುಗಿಸಿದ್ದಳು.

"ಬರಲಾ?" ಎಂದಳು.

"ಬಾ," ಎಂದ. ಅವನ ಧ್ವನಿ ಅವನಿಗೇ ಗುರುತು ಸಿಗಲಿಲ್ಲ.

ಅವಳು ಕಂಬಿ ಬಿಟ್ಟಳು. ಅವಳ ಸೀಗೆಕಾಯಿಯ ಮೂಟೆ ಜಾರಿ ಹಿಂದಿನ ಬಾಗಿಲಿಗೆ ಬಡಿಯಿತು. ಗಾಡಿ ನರಳಿತು. ಅವಳು ನಿಂತಳು. ಮೂತಿಯ ಮೇಲಿದ್ದವರು ಕಣ್ಣು ಮುಚ್ಚಿಕೊಂಡರು. ಗಾಡಿಯ ತೂಗಾಟ ನಿಂತ ಮೇಲೆ ಅವಳು ಒಂದು ಸೀಟು ದಾಟಿದಳು. ಮತ್ತೆ ನಿಂತಳು. ಅವನು ಒಂದು ಕೈ ಹಿಂದಕ್ಕೆ ಚಾಚಿದ. ಕೈಗೆ ಗಾಳಿ ಸಿಕ್ಕಿತು, ಇನ್ನೂ ಗಾಳಿ, ಆಮೇಲೆ ಅವಳ ಬೆರಳು. ಹಿಡಿದು ಎಳೆದು, ಬಾಗಿಲಿನಿಂದ ಬಂಡೆಯ ಕಡೆಗೆ ತಳ್ಳಿದ. ಹ್ಯಾಂಡ್‌ಬ್ರೇಕು ಎಳೆದು ತಾನೂ ಹಾರಿದ. ಅವನು ಕೂಗಿದ ಕೂಡಲೇ ಮೂತಿಯ ಮೇಲಿದ್ದವರೆಲ್ಲ ಒಟ್ಟಿಗೆ ಹಿಂದಕ್ಕೆ ನೆಗೆದರು.

ಗಾಡಿ ಒಂದು ಗಳಿಗೆ ಹಾಗೇ ನಿಂತಿತ್ತು. ಆಮೇಲೆ ಮೂತಿ ಎತ್ತಿಕೊಂಡು ಹಿಂದೆ ಹಿಂದೆ ಸರಿದು ಕಾಣದಾಯಿತು. ಅದು ಬಿದ್ದ ಸದ್ದು ಬರಲು ಬಹಳ ಹೊತ್ತಾಯಿತು.

ಜನ ಬಂಡೆಗೆ ಒರಗಿ ಕೂತರು. ಒಬ್ಬ ವಾಂತಿ ಮಾಡಿಕೊಂಡ. ಮುದುಕನಿಗೆ ಕಂಬಳಿ ಹೊದ್ದರೂ ಚಳಿ ಬಿಡಲಿಲ್ಲ. ಚಾಲಕನಿಗೆ ಇಷ್ಟು ತಿಂಗಳು ಆಗದೆ ಉಳಿದಿದ್ದ ಹೆದರಿಕೆಯೆಲ್ಲ ಒಟ್ಟಿಗೆ ಬಂತು. ಎಷ್ಟು ಸಂತೆ, ಎಷ್ಟು ಸಲ ಇದೇ ತಿರುವು, ಎಷ್ಟು ಜನ ನಿದ್ದೆಯಲ್ಲಿ! ನೆನೆದು ನೆನೆದು ಹೆಂಡತಿಯ ಪಕ್ಕದಲ್ಲಿ ಕುಸಿದು ಕೂತ.

"ನಿನಗೆ ಗೊತ್ತಿತ್ತಲ್ಲೇ," ಎಂದ.

"ಹೇಳಿದ್ದೆ. ನೀವು ನಗಾಡಿದಿರಿ," ಎಂದಳು. ಸಿಟ್ಟಿನಿಂದ ಹೇಳಲಿಲ್ಲ.

ಆಮೇಲೆ ಊರಿನವರು ಹಗ್ಗ ಕಟ್ಟಿಕೊಂಡು ಕಣಿವೆಗೆ ಇಳಿದರು. ಚಾಲಕನೂ ಇಳಿದ. ಗಾಡಿ ನುಚ್ಚುನೂರಾಗಿತ್ತು. ಮೂರು ಗಾಲಿಗಳ ತೋಳುಗಳು ಬೀಳುವಾಗ ಬಗ್ಗಿದ್ದವು, ಅದು ಬಿಟ್ಟರೆ ಹೊಸದರ ಹಾಗೇ ಇದ್ದವು. ಒಂದು ಸವೆತ ಇಲ್ಲ, ಒಂದು ಹಳೆಯ ಬಿರುಕು ಇಲ್ಲ. ನಾಲ್ಕನೆಯದರ ಮುರಿದ ತುದಿಯನ್ನು ಅವನು ಕೈಗೆತ್ತಿಕೊಂಡ. ಆಗ ತಾನೇ ಮುರಿದ ಉಕ್ಕು ಹೊಳೆಯಬೇಕು. ಇದರ ಅಂಚಿನಲ್ಲಿ ಒಂದು ಎಳೆ ಮಾತ್ರ ಹೊಳೆಯುತ್ತಿತ್ತು. ಉಳಿದ ಭಾಗವೆಲ್ಲ ಕೆಂಪಗೆ ತುಕ್ಕು ಹಿಡಿದಿತ್ತು. ಬಿರುಕು ಯಾವತ್ತೋ ಬಿಟ್ಟಿತ್ತು. ಆ ದಾರಿಯ ಎಡಗಡೆಯ ಏಟನ್ನೆಲ್ಲ, ಹಿಂದೆ ತುಂಬಿದ ಜನರ ಭಾರದ ಜೊತೆ, ಅದೊಂದೇ ತಿಂದಿತ್ತು. ಪಕ್ಕದ್ದಕ್ಕೆ ಸುದ್ದಿ ಹೋಗಿರಲಿಲ್ಲ.

ಸ್ವಾಮಿಗಳು ಇಷ್ಟು ಹೇಳಿ ನಿಲ್ಲಿಸಿದರು. ಬೆತ್ತವನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡರು.

ರಾಚಪ್ಪನ ಕೈಗಳು ಒಂದನ್ನೊಂದು ಹಿಡಿದುಕೊಂಡಿದ್ದವು. "ಹಾಗಾದರೆ ಬುದ್ಧಿ, ಆ ಬೇರೆ ಬೇರೆ ಗಾಲಿಯ ಗಾಡಿಯೇ ಕೆಟ್ಟದ್ದೇ?" ಎಂದ.

"ಯಾರು ಹೇಳಿದರು? ಗಾಡಿಗೆ ಯಾಕೆ ಬೈಯುತ್ತೀ? ಪೇಟೆಯ ರಸ್ತೆಯಲ್ಲಿ ಅದರ ಸುಖ ಬೇರೆ ಯಾವುದಕ್ಕಿದೆ? ನಾಲ್ಕೂ ಗಾಲಿ ನೆಲವನ್ನು ಗಟ್ಟಿಯಾಗಿ ಹಿಡಿಯುತ್ತವೆ. ಬೆಟ್ಟದಲ್ಲೂ ಓಡಿಸಲಿ, ಯಾರು ಬೇಡ ಎಂದರು. ಮೈಗೆ ತಿಳಿಯದ್ದನ್ನು ಇಳಿದು ನೋಡಬೇಕು, ಮೂಲೆಯಲ್ಲಿ ಕೂತವಳನ್ನು ಕೇಳಬೇಕು. ಅವನು ಅದೆರಡನ್ನೂ ಬಿಟ್ಟ."

ರಾಚಪ್ಪ ಮೆಲ್ಲಗೆ, "ನಡುವಿನದೂ ಒಂದಿದೆ ಅಂತ ಮೆಕ್ಯಾನಿಕ್ಕು ಹೇಳುತ್ತಿದ್ದ, ಬುದ್ಧಿ," ಎಂದ.

ಸ್ವಾಮಿಗಳಿಗೆ ನಗು ಬಂತು. "ಇದೆ, ಇದೆ. ಎರಡು ತೋಳಿನ ನಡುವೆ ಒಂದು ತೆಳ್ಳನೆಯ ಅಡ್ಡಪಟ್ಟಿ. ಒಂದು ಗಾಲಿ ಬಿದ್ದರೆ ಪಟ್ಟಿ ತಿರುಚಿಕೊಳ್ಳುತ್ತದೆ. ಅರ್ಧ ಏಟು ತಾನು ನುಂಗಿ ಅರ್ಧವನ್ನು ಪಕ್ಕಕ್ಕೆ ದಾಟಿಸುತ್ತದೆ. ಊರೊಳಗಿನ ಸಣ್ಣ ಕಾರಿಗೆ ಸರಿ, ಭಾರ ಹೊರುವುದಕ್ಕಲ್ಲ. ಯಾಕೆ, ಅರ್ಧ ಅಣ್ಣ, ಅರ್ಧ ಸನ್ಯಾಸಿ ಆಗಬೇಕೆಂದುಕೊಂಡೆಯಾ?"

ರಾಚಪ್ಪ ನಗಲಿಲ್ಲ. ಮಠದ ಮುಂದುಗಡೆಯಿಂದ ಬಸ್ಸಿನ ಹಾರನ್ನು ಕೇಳಿತು. ಬಸ್ಸು ಅಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಯಾರನ್ನಾದರೂ ಕಳಿಸಬೇಕಾದರೆ ಈಗಲೇ ಕಳಿಸಬೇಕು. ಅವನು ಎದ್ದು ನಿಂತ. ಕಾಲು ಮುಂದೆ ಹೋಗಲಿಲ್ಲ.

"ನನಗೆ ಹೆದರಿಕೆಯಾಗುತ್ತಿದೆ, ಬುದ್ಧಿ," ಎಂದ. "ಅವಳನ್ನು ಉಳಿಸಿಕೊಂಡರೆ ಅವನು ಇಲ್ಲಿಗೇ ಬರುತ್ತಾನೆ. ಅವಳ ಜೊತೆ ನಾನೂ ದಿನಾ ಹೆದರಿಕೊಂಡೇ ಇರಬೇಕೇ?"

ಸ್ವಾಮಿಗಳು ಜೀಪಿನ ಕಡೆಗೇ ನೋಡುತ್ತ ಹೇಳಿದರು:

"ಇರಬೇಕು ಅಂತೇನೂ ಇಲ್ಲಪ್ಪ, ಇಷ್ಟು ದಿನ ನಿನ್ನ ಪಾಲಿನ ಹೆದರಿಕೆಯನ್ನೂ ಸೇರಿಸಿ ಅವಳೊಬ್ಬಳೇ ಹೆದರುತ್ತಿದ್ದಾಳಲ್ಲ."